ನೀಲಗಿರಿಯ ಉದಕಮಂಡಲ

ಬೇಸಗೆಯ ರಜೆಯು ಸಮೀಪಿಸಿತೆಂದರೆ ನಮ್ಮ ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿ ಉದಕಮಂಡಲದ ಪ್ರಸ್ತಾಪವು ಬಾರದೆ ಇರದು. ಅಲ್ಲಿನ ಸರೋವರ, ಹೂದೋಟ, ಮಲೆಯೇರುವ ಉಗಿಬಂಡಿ ಇವುಗಳನ್ನು ಕಂಡು ಬಂದವರು ಬಹು ಮಂದಿ. ಆ ಊರನ್ನು ಆಂಗ್ಲ ದೊರೆಗಳು ನಿರ್ಜನವಾದ ಕಾಡಿನೊಳಗಿಂದ ಹುಡುಕಿ ತೆಗೆದರೆಂದು ಅವರಲ್ಲಿ ಅನೇಕರ ನಂಬಿಕೆ. ಇದು ಅರ್ಧ ಮಾತ್ರ ನಿಜವಾದುದರಿಂದ ಉಳಿದರ್ಧವನ್ನು ಇಲ್ಲಿ ಬರೆಯುವೆವು.

ಮೊದಲು ಹೆಸರುಗಳನ್ನೇ ನೋಡಿರಿ. ನೀಲಗಿರಿಯ ಅತ್ಯುನ್ನತ ಶಿಖರಕ್ಕೆ ದೊಡ್ಡಬೆಟ್ಟವೆಂದು ಹೆಸರು. ಎತ್ತರವು ಸುಮಾರು 8,650 ಅಡಿ. ಈ ಹೆಸರಿನ ಅರ್ಥವನ್ನು ನಮ್ಮ ಶಾಲೆಯ ಅತಿ ಕಿರಿಯ ಬಾಲೆಗೂ ಹೇಳಿಕೊಡಬೇಕಾಗಿಲ್ಲ. ಅಲ್ಲಿನ ಬಡಗರ ನುಡಿಯು ಕನ್ನಡಕ್ಕೆ ಬಲು ಹತ್ತಿರವಾದುದು. ಬಡಗವೆಂದರೆ ಉತ್ತರ ದಿಕ್ಕು. ತಮ್ಮ ಪೂರ್ವಿಕರು ಮೈಸೂರು ಸೀಮೆಯಿಂದ ಬಂದರೆಂಬುದು ಅವರ ಐತಿಹ್ಯ. ಕೋತರು, ಕುರುಂಬರು, ಇರುಳರು ಸಹ ಅಲ್ಲಿನ ನಿವಾಸಿಗಳೇ. ಬೆಟ್ಟದ ಮೇಲಿನ ಹುಲ್ಲುಗಾವಲುಗಳಲ್ಲಿ ಎಮ್ಮೆಗಳನ್ನು ಸಾಕಿ ಬಾಳಿದವರು ತೋಡರು. ಅವರಿಗೆ ಹಾಲುಮನೆಯೇ ಗುಡಿ. ಅವರ ಹಳ್ಳಿಗೆ ‘ಮಂದು’ ಎನ್ನುವರು; ಊರ ಹೆಸರಿನ ಕೊನೆಯಲ್ಲಿ ಅಡಗಿರುವುದು ಈ ಮಂದೇ ಹೊರತು ಸಂಸ್ಕೃತದ ಮಂಡಲವಲ್ಲ. ಕೆರೆಯನ್ನು ಕಂಡು ‘ಉದಕ’ವೆಂದರ್ಥ ಮಾಡುವುದು ಪಂಡಿತರ ಚಮತ್ಕಾರವೇ ಸರಿ, ಏಕೆಂದರೆ ಕೆರೆಯು ಮಂದಿಗಿಂತ ಕಿರಿಯದು.

1603ರಲ್ಲಿಯೇ ಫೆನಿಸಿಯೊ ಎಂಬ ಪಾದ್ರಿಯು ಮಲಬಾರಿನ ಕಡೆಯಿಂದ ಈ ಬೆಟ್ಟವನ್ನೇರಿ ತೋಡರನ್ನು ಕಂಡು ಮರಳಿದ್ದನು. ಆದರೆ ಊರು ಕಟ್ಟಿದವನು ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್. ಅವನು 1819ರಲ್ಲಿ ಮಲೆಯೇರಿದನು. 1822ರಲ್ಲಿ ಕಲ್ಲಿನ ಮನೆಯೊಂದನ್ನು ಕಟ್ಟತೊಡಗಿದನು. ತೊರೆಗಳಿಗೆ ಒಡ್ಡು ಹಾಕಿಸಿ ಸರೋವರವನ್ನು ಮಾಡಿಸಿದನು. ತೋಡರ ನೆಲಕ್ಕೆ ಎಕರೆಗೆ 1 ರೂಪಾಯಿಯಂತೆ ಕ್ರಯ ಕೊಟ್ಟನೆಂದು ಹೇಳುವರು. ಕ್ರಯವು ಅಲ್ಪವೆಂದು ನಾವು ಇಂದು ಹೇಳಬಹುದು. ಆದರೆ ನೆಲವು ತೋಡರದೆಂದು ಸರ್ಕಾರದೊಡನೆ ವಾದಿಸಿದವನೂ ಅವನೇ. ಸರ್ಕಾರವು ಅದನ್ನು ಪೂರ್ತಿಯಾಗಿ ಒಪ್ಪಲಿಲ್ಲ.

ತರುವಾಯ ಬಂಗಲೆಗಳೂ ಕ್ಲಬ್ಬೂ ಎದ್ದವು. ಮದರಾಸಿನ ಸರ್ಕಾರವು ಬೇಸಗೆಯಲ್ಲಿ ಇಲ್ಲಿಯೇ ಬೀಡುಬಿಡತೊಡಗಿತು. 1848ರಿಂದ ಮ್ಯಾಕ್ಐವರ್ ಎಂಬ ತೋಟಗಾರನ ಕೈಯಲ್ಲಿ ರೂಪುಗೊಂಡ ಸಸ್ಯೋದ್ಯಾನವನ್ನು ವರ್ಣಿಸುವುದಕ್ಕಿಂತ ಕಾಣುವುದೇ ಮೇಲು.

ಉಗಿಬಂಡಿಯ ವಿಷಯವನ್ನು ಮಾತ್ರ ಬಿಡಲಾರೆವು. ಮೆಟ್ಟುಪಾಳಯದಿಂದ ಕೂನೂರಿಗೆ 1899ರಲ್ಲಿಯೂ, ಉದಕಮಂಡಲಕ್ಕೆ 1908ರಲ್ಲಿಯೂ ಹಳಿ ಮುಟ್ಟಿತು. ಸುಮಾರು 29 ಮೈಲಿಗಳ ದಾರಿಯಲ್ಲಿ ಬಂಡಿಯು 6,000 ಅಡಿಗಿಂತ ಹೆಚ್ಚು ಏರಬೇಕು; 16 ಸುರಂಗಗಳೂ 250 ಸೇತುವೆಗಳೂ ಇವೆ. ಕಲ್ಲಾರಿನಿಂದ ಕೂನೂರಿನ ವರೆಗೆ 12 ಅಡಿ ಸಾಗುವಷ್ಟರಲ್ಲಿ ಸುಮಾರು 1 ಅಡಿ ಏರುವ ಕಡಿದಾದ ಘಟ್ಟ. ನಯವಾದ ಚಕ್ರವು ಅಲ್ಲಿ ಜಾರುವುದಲ್ಲವೆ? ಆದುದರಿಂದ ಹಳಿಗಳ ನಡುವೆ ಹಲ್ಲುಳ್ಳ ಉಕ್ಕಿನ ಪಟ್ಟಿಗಳನ್ನು ಹಾಸಿರುವರು. ಯಂತ್ರದ ಹಲ್ಲುಚಕ್ರವು ಅವುಗಳನ್ನು ಕಚ್ಚಿಕೊಂಡು ಹತ್ತುವುದು. ಯಂತ್ರವು ಎಳೆಯದೆ ಹಿಂದಿನಿಂದ ಗಾಡಿಗಳನ್ನು ನೂಕುವುದು. 2005ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಸಂತ ಸ್ತೆಫನನ ದೇವಾಲಯಕ್ಕೆ ಹೋದವರು ತಲೆಯೆತ್ತಿ ತೊಲೆಗಳನ್ನು ನೋಡಬೇಕು. 1829ರಲ್ಲಿ ಅಸ್ತಿವಾರ ಹಾಕಿದ ಈ ಆಲಯಕ್ಕೆ ಮರವು ಬಂದುದು ಶ್ರೀರಂಗಪಟ್ಟಣದಿಂದ. ಟಿಪ್ಪುವಿನ ಲಾಲ್ ಮಹಲು ಕೆಡವಲ್ಪಟ್ಟಾಗ ಉಳಿದ ತೊಲೆಗಳು ಅವು. ಕಾವೇರಿಯ ದಡದಲ್ಲಿ ಸುಲ್ತಾನನ ಮಾಳಿಗೆಯನ್ನು ಹೊತ್ತಿದ್ದವು ಇಲ್ಲಿ ಪ್ರಾರ್ಥನೆಯ ಮೇಲೆ ಹರಡಿ ನಿಂತಿವೆ. ಹೊರಗಿನ ಶ್ಮಶಾನದಲ್ಲಿ ಸಲಿವನನ ಪತ್ನಿ ಹೆನ್ರಿಯೆಟ್ಟಾ ಮತ್ತು ಅವರ ಮಗಳ ಗೋರಿಯಿದೆ. ಹವೆಯು ಆರೋಗ್ಯಕರವೆಂದು ಊರು ಕಟ್ಟಿದವನು ಅವರಿಬ್ಬರನ್ನೂ 1838ರಲ್ಲಿ ಕಳೆದುಕೊಂಡನು.

ದಾರಿಯುದ್ದಕ್ಕೂ ಸುವಾಸನೆ ಬೀರುವ ನೀಲಗಿರಿ ಮರವು ನೀಲಗಿರಿಯದಲ್ಲ. 1840ರ ಸುಮಾರಿಗೆ ಆಸ್ಟ್ರೇಲಿಯದಿಂದ ಬಂದುದು. ಊರವರ ಒಲೆಗಳಿಗಾಗಿ ಕಣಿವೆಯ ಶೋಲಾ ಕಾಡುಗಳು ಕಡಿಯಲ್ಪಟ್ಟವು. ಸೌದೆ ಸಾಲದೆ ಹೋಗಲು ಬೇಗನೆ ಬೆಳೆಯುವ ಈ ಮರವನ್ನು ನೆಟ್ಟರು. ಮರವೂ ಚಹದ ತೋಟಗಳೂ ಹಬ್ಬಿದಂತೆ ಎಮ್ಮೆಗಳ ಹುಲ್ಲುಗಾವಲು ಕುಗ್ಗಿತು.

ಸಸ್ಯೋದ್ಯಾನದ ಮೇಲ್ಗಡೆ ಇಂದಿಗೂ ತೋಡರ ಮಂದೊಂದು ಇದೆ. ಉದ್ಯಾನಕ್ಕೆ ಹೋದವರು ಸ್ವಲ್ಪ ಮೇಲೇರಿ ಅದನ್ನೂ ಕಂಡು ಬರಬಹುದು. ಹಳೆಯ ತೋಡರ ಮನೆಯು ಕಮಾನಿನಂತೆ ಬಾಗಿ ನೆಲ ಮುಟ್ಟುವುದು. ಬಾಗಿಲು ಎಷ್ಟು ಕಿರಿದೆಂದರೆ ಮನೆಯೊಡೆಯನೂ ಮೊಣಕಾಲೂರಿಯೇ ಒಳಗೆ ಹೋಗಬೇಕು.