ಚಾಂದ್ ಬೀಬಿಯ ಮುಖ ಹೇಗಿತ್ತು?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಮಗೆ ಬಿಜಾಪುರ ಪಕ್ಕದ ಜಿಲ್ಲೆ. ಹಾಗಾಗಿ ಚಾಂದ್ ಬೀಬಿ ಹೆಸರು ಕೇಳಿಯೇ ಇರ್ತೀವಿ. ಕುದುರೆ ಮೇಲೆ ಕೂತು, ಕೈ ಮೇಲೆ ಬೇಟೆ ಗಿಡುಗ ಇಟ್ಕೊಂಡಿರೋ ಆಕೆಯ ಚಿತ್ರವನ್ನೂ ನೆಟ್‌ನಲ್ಲಿ ನೋಡಿರ್ತೀವಿ. ಆದರೆ ಅದು ನಿಜವಾಗ್ಲೂ ಆಕೆಯ ಮುಖಾನಾ?

ಅಹಮದ್‌ನಗರದ ಈ ರಾಜಕುಮಾರಿ ಬಿಜಾಪುರದ ಒಂದನೇ ಅಲಿ ಆದಿಲ್ ಶಾಹನ ಹೆಂಡತಿ. 1580ರಲ್ಲಿ ಗಂಡನ ಕೊಲೆಯಾಯಿತು. ಪಟ್ಟಕ್ಕೆ ಬಂದ ಎರಡನೇ ಇಬ್ರಾಹಿಂ ಇನ್ನೂ ಚಿಕ್ಕ ಹುಡುಗ. ಅವನ ಪರವಾಗಿ ರಾಜ್ಯ ನೋಡಿಕೊಂಡವಳು ಈಕೆ. 1595–96ರಲ್ಲಿ ಮೊಘಲರು ಅಹಮದ್‌ನಗರದ ಕೋಟೆಗೆ ಮುತ್ತಿಗೆ ಹಾಕಿದಾಗ ಎದುರು ನಿಂತು ಕಾಪಾಡಿದಳು. ಕೆಲವೇ ವರ್ಷಗಳಲ್ಲಿ ತನ್ನ ಕಡೆಯವರಿಂದಲೇ ಹತಳಾದಳು.

ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಆ ಚಿತ್ರ ಬರೆದದ್ದು ಸುಮಾರು 1700ರಲ್ಲಿ. ಅಂದರೆ ಆಕೆ ಸತ್ತು ನೂರು ವರ್ಷ ಆದ ಮೇಲೆ! ಅಷ್ಟೊತ್ತಿಗೆ, 1686ರಲ್ಲೇ, ಬಿಜಾಪುರ ಔರಂಗಜೇಬನ ಪಾಲಾಗಿತ್ತು. ಚಿತ್ರ ಬರೆದವನು ಆಕೆಯನ್ನು ನೋಡಿರಲು ಸಾಧ್ಯವೇ ಇಲ್ಲ. ಕುದುರೆ, ಗಿಡುಗ, ಜೊತೆಗೆ ಸೇವಕರು, ಇವೆಲ್ಲ ರಾಜಮನೆತನದ ಗುರುತುಗಳು. ಅವನ್ನು ನೋಡಿ ‘ಈಕೆ ರಾಣಿ’ ಅಂತ ತಿಳ್ಕೋಬೇಕು, ಅಷ್ಟೇ.

ಹಾಗಂತ ಚಿತ್ರ ಸುಳ್ಳು ಅಂತಲ್ಲ. ರಾಜ್ಯವೇ ಹೋದ ಮೇಲೂ ದಖ್ಖನ್ನಿನವರು ಆಕೆಯನ್ನು ಮರೆತಿರಲಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ. ಮುಂದಿನ ಸಲ ಪ್ರೆಸೆಂಟೇಶನ್‌ನಲ್ಲಿ ಈ ಚಿತ್ರ ಹಾಕಿದರೆ, ಕೆಳಗೆ ‘ಸುಮಾರು 1700’ ಅಂತಾನೂ ಬರೆಯೋಣ.