ಕೊಕ್ಕರೆಗಳು ಮರಳುವ ಹೊತ್ತು

ಪೋಲೆಂಡಿನ ಚಿತ್ರಕಾರ ಯೂಜೆಫ್ ಹೆವ್‌ಮೋನ್‌ಸ್ಕಿಯು 1900ರಲ್ಲಿ ರಚಿಸಿದ ‘ಕೊಕ್ಕರೆಗಳು’ ಎಂಬ ತೈಲಚಿತ್ರವು ವಾರ್ಸಾ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಹೆಸರನ್ನು ಕೇಳಿದ ವಾಚಕರು ಪಟದ ತುಂಬ ಪಕ್ಷಿಗಳೇ ಇರುವುವೆಂದು ಭಾವಿಸಬಹುದು. ಹಾಗಿಲ್ಲ. ಅವು ಆಕಾಶದಲ್ಲಿ ಬಲು ಚಿಕ್ಕವಾಗಿ ಹಾರುತ್ತಿವೆ. ನಮ್ಮ ಕಣ್ಣಿಗೆ ಮೊದಲು ಬೀಳುವವರು ಹಸುರು ಬಯಲಿನಲ್ಲಿರುವ ಒಬ್ಬ ರೈತನೂ ಒಬ್ಬ ಬಾಲಕನೂ.

ರೈತನು ನೆಲದ ಮೇಲೆ ಕುಳಿತು ಬುತ್ತಿಯುಣ್ಣುತ್ತಿದ್ದಾನೆ. ಬಾಲಕನು ಪಕ್ಕದಲ್ಲಿ ನಿಂತಿದ್ದಾನೆ. ಇಬ್ಬರೂ ಬರಿಗಾಲಿನವರು. ಹಿಂದೆ ಉಳುವ ಎತ್ತುಗಳು, ದೂರದಲ್ಲಿ ಹುಲ್ಲುಮಾಡಿನ ಹಳ್ಳಿ. ತಂದೆಮಕ್ಕಳೋ ಅಜ್ಜಮೊಮ್ಮಗನೋ, ಪಟವು ಹೇಳುವುದಿಲ್ಲ. ಊಟವನ್ನು ಮರೆತು ಇಬ್ಬರೂ ಉನ್ಮುಖರಾಗಿದ್ದಾರೆ. ಮೇಘದೂತವನ್ನು ಓದಿದವರಿಗೆ ಮೋಡದತ್ತ ಮುಖವೆತ್ತಿದ ಸಿದ್ಧಾಂಗನೆಯರ ನೆನಪಾಗದಿರದು. ಅಲ್ಲಿ ಬರುವುದು ಮಳೆಗಾಲ, ಇಲ್ಲಿ ವಸಂತ.

ಕೆಂಗಾಲಿನ, ಕಪ್ಪಂಚು ರೆಕ್ಕೆಯ ಆ ಬಿಳಿಯ ಕೊಕ್ಕರೆಗಳು ಚಳಿಗಾಲವನ್ನು ಆಫ್ರಿಕದಲ್ಲಿ ಕಳೆಯುತ್ತವೆ. ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯೇ ಅವುಗಳಿಗೆ ಆಧಾರ. ಸಮುದ್ರದ ಮೇಲೆ ಅದು ದೊರೆಯದ ಕಾರಣ ಮೆಡಿಟರೇನಿಯನ್ನಿನ ಮೂಡಣ ದಡವನ್ನು ಬಳಸಿ, ಬಾಸ್ಫೊರಸ್ ಜಲಸಂಧಿಯನ್ನು ದಾಟಿ, ಮಾರ್ಚ್ ಕಡೆಯಿಂದ ಏಪ್ರಿಲ್ ತಿಂಗಳವರೆಗೆ ಪೋಲೆಂಡನ್ನು ಸೇರುತ್ತವೆ. ಹಿಮದಲ್ಲಿ ತಿಂಗಳುಗಟ್ಟಲೆ ಕುಳಿತ ಹಳ್ಳಿಗನಿಗೆ ಇದಕ್ಕಿಂತ ಮಿಗಿಲಾದ ಪಂಚಾಂಗವಿಲ್ಲ.

ಹೆವ್‌ಮೋನ್‌ಸ್ಕಿಯು ಹುಟ್ಟಿದ್ದು 1849ರಲ್ಲಿ. ಪ್ಯಾರಿಸಿನಲ್ಲಿ ಹನ್ನೆರಡು ವರ್ಷ ನೆಲಸಿ, ನಾಗಾಲೋಟದ ಕುದುರೆಗಳ ಚಿತ್ರಗಳಿಂದ ಹೆಸರು ಗಳಿಸಿದನು. 1881ರ ‘ನಾಲ್ಕು ಕುದುರೆಗಳು’ ಎಂಬ ಪಟವು ಆರು ಮೀಟರಿಗೂ ಮಿಕ್ಕಿ ಅಗಲವಾಗಿದೆ. ಕುದುರೆಗಳು ನೋಡುವವರ ಮೇಲೆಯೇ ನುಗ್ಗುತ್ತವೆ. ಅದು ಬೆರಗಿನ ಕೆಲಸ, ನಿಜ. ಆದರೆ 1887ರಲ್ಲಿ ಸ್ವದೇಶಕ್ಕೆ ಮರಳಿ, 1889ರಲ್ಲಿ ಕುಕ್ಲುಫ್ಕ ಎಂಬ ಹಳ್ಳಿಯಲ್ಲಿ ಮನೆ ಹೂಡಿದ ಬಳಿಕ ಆತನ ಕುಂಚ ತಣ್ಣಗಾಯಿತು. 1897ರಲ್ಲಿ ಕ್ರಾಕೋವಿನ ನವೀನ ಕಲಾವಿದರು ‘ಕಲೆ’ ಎಂಬ ಅರ್ಥದ ‘ಷ್ಟೂಕ’ ಸಂಘವನ್ನು ಕಟ್ಟಿದಾಗ ಅವರ ನಡುವೆ ಈತನೂ ಇದ್ದನು. ಎರಡು ಮುಖಗಳು ಮೇಲೆದ್ದುದನ್ನಲ್ಲದೆ ಬೇರೊಂದು ಚಲನೆಯನ್ನು ‘ಕೊಕ್ಕರೆಗಳು’ ಪಟದಲ್ಲಿ ಆತನು ಬೇಡಲಿಲ್ಲ. ನಮ್ಮ ಮಟ್ಟಿಗೆ ಇದೇ ಹೆಚ್ಚಿನ ಧೈರ್ಯ.

ಆಗ ಪೋಲೆಂಡ್ ಎಂಬ ರಾಜ್ಯವೇ ಭೂಪಟದಲ್ಲಿರಲಿಲ್ಲ. 1795ರಿಂದ ರಷ್ಯ, ಪ್ರಷ್ಯ, ಆಸ್ಟ್ರಿಯಗಳು ಅದನ್ನು ಹಂಚಿಕೊಂಡಿದ್ದುವು. ಕುಕ್ಲುಫ್ಕ ರಷ್ಯದ ಪಾಲಿನಲ್ಲಿತ್ತು. ಹೀಗಿರಲು, ಮರಳಿ ಬರುವ ಹಕ್ಕಿಗಳಲ್ಲಿ ಸ್ವಾತಂತ್ರ್ಯದ ಸಂಕೇತವನ್ನು ಕಾಣಬಯಸುವವರನ್ನು ನಾವು ತಡೆಯೆವು. ಆದರೂ ಬುತ್ತಿಯ ಮುಂದಿರುವ ಆ ರೈತನಿಗೆ ಅವು ಕೊಕ್ಕರೆಗಳೇ. ಚಿತ್ರಕಾರನು 1914ರಲ್ಲಿ ಅದೇ ಹಳ್ಳಿಯಲ್ಲಿ ತೀರಿಕೊಂಡನು. ಪೋಲೆಂಡ್ ಮತ್ತೆ ಸ್ವತಂತ್ರವಾದದ್ದು ನಾಲ್ಕು ವರ್ಷಗಳ ಅನಂತರ.