ತಿಳಿನೀರಿನಲ್ಲಿ ಸತ್ತ ಮೀನುಗಳು

ನಮ್ಮ ಮನೆಯ ಹಜಾರದಲ್ಲಿ 40 ಲೀಟರು ನೀರು ಹಿಡಿಯುವ ಒಂದು ಗಾಜಿನ ತೊಟ್ಟಿಯಿದೆ. ಅದರಲ್ಲಿ ಈಗ ಹತ್ತು ಹನ್ನೆರಡು ಗಪ್ಪಿ ಮೀನುಗಳು ಬೀಸಣಿಗೆಯಂಥ ಬಾಲವನ್ನು ಆಡಿಸುತ್ತ ಸುಖವಾಗಿ ಓಡಾಡಿಕೊಂಡಿವೆ. ಮನೆಗೆ ಬಂದವರು, ‘ಎಷ್ಟು ಚೆನ್ನಾಗಿ ಸಾಕಿದ್ದೀರಿ!’ ಎಂದು ಮೆಚ್ಚುತ್ತಾರೆ. ಆ ಮೆಚ್ಚುಗೆಯನ್ನು ಸ್ವೀಕರಿಸಲು ನನಗೆ ಸಂಕೋಚ. ಏಕೆಂದರೆ ಇವುಗಳಿಗಿಂತ ಮೊದಲು ಇದೇ ತೊಟ್ಟಿಯಲ್ಲಿ 23 ಮೀನುಗಳು ಸತ್ತವು. ನನ್ನ ಆರೈಕೆಯೇ ಅವುಗಳನ್ನು ಕೊಂದಿತು. ಅದು ಹೇಗೆಂಬುದನ್ನು ಕೇಳುಗರ ಮುಂದಿಡುವುದಷ್ಟೇ ಈ ಮಾತಿನ ಉದ್ದೇಶ.

ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ತೊಟ್ಟಿ ತಂದೆವು. ಬೆಳಗ್ಗೆ ನಲ್ಲಿಯ ನೀರು ತುಂಬಿಸಿದೆವು. ಸಂಜೆ ಅಂಗಡಿಯಿಂದ ತಂದ 8 ಮೀನುಗಳನ್ನು ಬಿಟ್ಟೆವು. ಮೂರನೆಯ ದಿನ ಒಂದು ಮೀನು ರೆಕ್ಕೆಗಳನ್ನು ಮುದುರಿಕೊಂಡು ತಳ ಹಿಡಿಯಿತು. ಇನ್ನೆರಡು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡತೊಡಗಿದವು. ವಾರ ಕಳೆಯುವುದರೊಳಗೆ ತೊಟ್ಟಿ ಬರಿದಾಯಿತು. ‘ಅವಕ್ಕೆ ಹಸಿವಾಗಿತ್ತೇನೋ ತಾತ’ ಎಂದಿತು ಮಗು. ಎರಡನೆಯ ತಂಡ ಬಂದಾಗ ಆಹಾರವನ್ನು ಇಮ್ಮಡಿ ಮಾಡಿದೆವು. ಕೊಳೆಯೇ ಕಾರಣವಿರಬೇಕೆಂದು ನಾನು ಭಾನುವಾರದಂದು ನೀರನ್ನೆಲ್ಲ ಚೆಲ್ಲಿ, ಬೆಣಚುಕಲ್ಲುಗಳನ್ನು ತಿಕ್ಕಿ, ನೀರು ಸೋಸುವ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಅದರ ಬಣ್ಣ ಮರಳಿ ಬರುವವರೆಗೂ ಹಿಂಡಿದೆ. ಆ ತಂಡವೂ ಉಳಿಯಲಿಲ್ಲ. ಮೂರನೆಯ ಸಲ ಇನ್ನೂ ಹೆಚ್ಚು ತೊಳೆದೆ. ಕೊನೆಯ ಮೀನನ್ನು ತುಳಸಿಕಟ್ಟೆಯ ಪಕ್ಕದಲ್ಲಿ ಹೂಳುವಾಗ ಮಗು ಅಳಲಿಲ್ಲ. ‘ಇನ್ನು ಮೀನು ತರಬೇಡ ತಾತ’ ಎಂದಷ್ಟೇ ಹೇಳಿ ಒಳಗೆ ಹೋಯಿತು. ಅತ್ತಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ನನ್ನ ಯೋಚನೆಯನ್ನು ತಿರುಗಿಸಿದ್ದು ಪಕ್ಕದ ಮನೆಯ ಹಿತ್ತಲಿನ ಕಲ್ಲಿನ ಬಾನಿ. ಅದರ ಗೋಡೆಗೆ ಪಾಚಿ ಕಟ್ಟಿತ್ತು. ತಳದಲ್ಲಿ ಉದುರಿದ ಎಲೆಗಳಿದ್ದವು. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಎಂದೋ ಬಿಟ್ಟಿದ್ದ ಗಪ್ಪಿಗಳು ಅಲ್ಲಿ ವರ್ಷಗಳಿಂದ ಮರಿ ಹಾಕುತ್ತ ಬದುಕಿದ್ದವು. ಅವಕ್ಕೆ ಆಹಾರ ಹಾಕಿದವರಿಲ್ಲ, ಬಾನಿಯನ್ನು ತೊಳೆದವರಿಲ್ಲ. ಅದೇ ಜಾತಿಯ ಮೀನು ಆ ಹಸಿರುನೀರಿನಲ್ಲಿ ಬಾಳಿ, ನನ್ನ ತಿಳಿನೀರಿನಲ್ಲಿ ಸಾಯುವುದೇಕೆ?

ಉತ್ತರ ಕಣ್ಣಿಗೆ ಕಾಣದಂಥದು. ಮೀನಿನ ದೇಹದ ತ್ಯಾಜ್ಯವಾದ ಅಮೋನಿಯ ಬಹುಪಾಲು ಕಿವಿರುಗಳ ಮೂಲಕ ನೀರನ್ನು ಸೇರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗ ಅದಕ್ಕೆ ಇನ್ನಷ್ಟು ಅಮೋನಿಯ ಕೂಡುತ್ತದೆ. ಇದಕ್ಕೆ ಬಣ್ಣವಿಲ್ಲ, ಕನ್ನಡಿಯಂಥ ನೀರಿನಲ್ಲೂ ಅದು ಇರಬಲ್ಲದು. ನೀರು ಕ್ಷಾರದ ಕಡೆಗೆ ವಾಲಿದಷ್ಟೂ ಅದರ ಉಗ್ರತೆ ಹೆಚ್ಚು. 25 ಡಿಗ್ರಿ ಉಷ್ಣತೆಯಲ್ಲಿ ನೀರಿನ ಪಿಎಚ್ 7 ಇದ್ದರೆ, ಒಟ್ಟು ಅಮೋನಿಯದಲ್ಲಿ ವಿಷರೂಪದ್ದು ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಪಿಎಚ್ 8 ಆದರೆ ಅದು ನೂರಕ್ಕೆ ಐದನ್ನು ದಾಟುತ್ತದೆ. ಕಿವಿರು ಸುಟ್ಟಂತಾದ ಮೀನು ಉಸಿರಿಗಾಗಿ ಮೇಲೆ ಬಂದು ಬಾಯಿ ಬಿಡುತ್ತದೆ. ಅದನ್ನೇ ನಾವು ಹಸಿವೆಂದು ಬಗೆದು ಇನ್ನೊಂದು ಚಿಟಿಕೆ ಆಹಾರ ಹಾಕುತ್ತಿದ್ದೆವು.

ಹಾಗಾದರೆ ಬಾನಿಯಲ್ಲಿ ಈ ವಿಷವನ್ನು ಕಳೆಯುವವರು ಯಾರು? ಈ ಪ್ರಶ್ನೆಯ ಹಿಂದೆ ಒಬ್ಬ ತಂದೆ ಮತ್ತು ಮಗನ ಸ್ವಾರಸ್ಯದ ಕಥೆಯಿದೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಒಂದು ಗಾಜಿನ ಪಾತ್ರೆಯಲ್ಲಿ ಹೊಂಬಣ್ಣದ ಮೀನುಗಳನ್ನೂ ನೀರುಗಿಡವನ್ನೂ ಇಟ್ಟ. ಗಿಡದ ಕೊಳೆತ ಎಲೆಗಳಿಂದ ನೀರು ಕೆಡತೊಡಗಿದಾಗ, ಅವನ್ನು ತಿನ್ನಲು ಬಸವನಹುಳುಗಳನ್ನು ಬಿಟ್ಟ. ಇವು ಒಂದನ್ನೊಂದು ಪೋಷಿಸಿ ಬದುಕುವ ಬಗೆಯನ್ನು ಅವನು 1850ರಲ್ಲಿ ಪ್ರಕಟಿಸಿದ. ಮನೆಯಲ್ಲಿ ಮೀನು ಸಾಕುವ ವಿದ್ಯೆಗೆ ಅದೊಂದು ಅಡಿಗಲ್ಲು. ಆದರೆ ಆ ಪಾತ್ರೆಯಲ್ಲಿ ಅವನ ಲೆಕ್ಕಕ್ಕೆ ಸಿಗದ ಇನ್ನೊಂದು ಸಂಸಾರವೂ ಇತ್ತು.

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್ ಚರಂಡಿಯ ನೀರನ್ನು ಮರಳಿನ ಮೂಲಕ ನಿಧಾನವಾಗಿ ಇಳಿಯಬಿಟ್ಟರು. ಸುಮಾರು 20 ದಿನಗಳವರೆಗೆ ಏನೂ ಆಗಲಿಲ್ಲ. ಆಮೇಲೆ ಅಮೋನಿಯ ನೈಟ್ರೇಟಾಗಿ ಮಾರ್ಪಡತೊಡಗಿತು. ಕ್ಲೋರೋಫಾರಂ ಸೇರಿಸಿದೊಡನೆ ಆ ಕೆಲಸ ನಿಂತಿತು. ಹಾಗೆ ನಿಂತದ್ದರಿಂದ ಅದು ಜೀವಿಗಳ ಕೆಲಸವೆಂದು ಸಿದ್ಧವಾಯಿತು. ಅದರ ಜಾಡು ಹಿಡಿದವರಲ್ಲಿ ವಾರಿಂಗ್ಟನ್ನನ ಮಗನೂ ಒಬ್ಬ. ಅವನ ಹೆಸರೂ ರಾಬರ್ಟ್. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿಕೇಂದ್ರದಲ್ಲಿ ದುಡಿದು, ಅಮೋನಿಯ ಮೊದಲು ನೈಟ್ರೈಟಾಗಿ, ಆಮೇಲೆ ನೈಟ್ರೇಟಾಗಿ, ಎರಡು ಹಂತಗಳಲ್ಲಿ ಮಾರ್ಪಡುವುದನ್ನು ಅವನು ತೋರಿಸಿಕೊಟ್ಟ. ಆ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸುವ ಯಶಸ್ಸು ಮಾತ್ರ 1890ರ ಸುಮಾರಿಗೆ ವಿನೊಗ್ರಾಡ್‌ಸ್ಕಿಗೆ ದೊರೆಯಿತು. ಎರಡು ಹಂತಗಳನ್ನೂ ಪೂರೈಸಬಲ್ಲ ಒಂದೇ ಜೀವಿ ಇರುವುದು 2015ರಲ್ಲಿ ತಿಳಿಯಿತು. ಅಂಥದು ಸಿಕ್ಕ ಜಾಗಗಳಲ್ಲಿ ಮೀನು ಸಾಕಣೆಯ ನೀರು ಸೋಸುವ ವ್ಯವಸ್ಥೆಯೂ ಒಂದು. ತಂದೆ ಪಾತ್ರೆಯಲ್ಲಿ ಸಾಕಿದ್ದ ಸಮತೋಲನದ ಗುಟ್ಟನ್ನು ಮಗ ಮಣ್ಣಿನಲ್ಲಿ ಹುಡುಕಿದ.

ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತದಲ್ಲಿ ಆಮ್ಲಜನಕ ಸಾಗದಂತೆ ಮಾಡುತ್ತದೆ. ನೈಟ್ರೇಟ್ ಬಹಳ ಸೌಮ್ಯ. ಆಗಾಗ ಸ್ವಲ್ಪ ನೀರು ಬದಲಿಸಿದರೆ ಸಾಕು. ಈ ಪರಿವರ್ತನೆ ಮಾಡುವ ಜೀವಿಗಳು ಹೆಚ್ಚಾಗಿ ಕಲ್ಲು, ಗಾಜು, ಸ್ಪಂಜುಗಳಿಗೆ ತೆಳುವಾಗಿ ಅಂಟಿಕೊಂಡಿರುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನಾನು ಕೊಳೆಯೆಂದು ತಿಕ್ಕಿ ತೆಗೆದದ್ದು ಅವುಗಳನ್ನೇ. ನಲ್ಲಿಯ ನೀರಿನ ಕ್ಲೋರಿನ್ನು, ಕ್ಲೋರೋಫಾರಂ ಮಾಡಿದಂಥ ಕೆಲಸವನ್ನೇ ಮಾಡಿರಬೇಕು. ತೊಳೆದಾಗಲೆಲ್ಲ ನನ್ನ ತೊಟ್ಟಿ ಮತ್ತೆ ಮೊದಲ ದಿನಕ್ಕೆ ಮರಳುತ್ತಿತ್ತು. ಮೀನುಗಳು ಸಾಯುವುದಕ್ಕೆ ರೋಗವೂ ಚಳಿಯೂ ಕಾರಣವಾಗಬಹುದು, ನಿಜ. ಆದರೆ ಹೊಸ ತೊಟ್ಟಿಯಲ್ಲಿ ಸಾಲಾಗಿ ಸತ್ತರೆ ಮೊದಲು ಸಂಶಯಿಸಬೇಕಾದದ್ದು ಇದನ್ನೇ.

ಇಷ್ಟು ತಿಳಿದ ಮೇಲೆ ಮಗುವಿನ ಮಾತಿಗೆ ಕಟ್ಟುಬಿದ್ದೆ, ಮೀನು ತರಲಿಲ್ಲ. ಒಂದು ದಿನ ತೆರೆದಿಟ್ಟು ಕ್ಲೋರಿನ್ನು ಕಳೆದ ನೀರನ್ನು ತುಂಬಿಸಿ, ಬಾನಿಯ ತಳದ ಒಂದು ಹಿಡಿ ಕಲ್ಲು ಹಾಕಿದೆ. ನೀರಿಗೆ ಕ್ಲೋರಮೈನ್ ಬೆರೆಸುವ ಊರುಗಳಲ್ಲಿ ಹೀಗೆ ತೆರೆದಿಟ್ಟರೆ ಸಾಲದು. ಅದನ್ನು ನಿವಾರಿಸುವ ದ್ರಾವಣವನ್ನೇ ಹಾಕಬೇಕು. ಮೀನಿಲ್ಲದ ತೊಟ್ಟಿಗೆ ದಿನವೂ ಒಂದು ಚಿಟಿಕೆ ಮೀನಿನ ಆಹಾರ! ಬಂದವರೆಲ್ಲ ನಕ್ಕರು. ಅಮೋನಿಯ ಪರೀಕ್ಷಿಸುವ ದ್ರಾವಣದ ಹನಿಗಳನ್ನು ಹಾಕುವ ಕೆಲಸವನ್ನು ಮೊಮ್ಮಗಳಿಗೆ ಒಪ್ಪಿಸಿದೆ. ಗಾಜಿನ ನಳಿಗೆಯ ನೀರು ಹಸಿರಾದರೆ ವಿಷವಿದೆ, ಹಳದಿಯಾಗಿಯೇ ಉಳಿದರೆ ಇಲ್ಲ. ಮೊದಲು ಒಲ್ಲದ ಮನಸ್ಸಿನಿಂದ ಬರುತ್ತಿದ್ದವಳು, ಕ್ರಮೇಣ ಶಾಲೆಯಿಂದ ಬಂದೊಡನೆ ನಳಿಗೆಯನ್ನು ಬೆಳಕಿಗೆ ಹಿಡಿಯತೊಡಗಿದಳು. ಆರನೆಯ ವಾರ ಅಮೋನಿಯವೂ ಇಲ್ಲ, ನೈಟ್ರೈಟೂ ಇಲ್ಲ. ‘ಈಗ ತರಬಹುದು ತಾತ’ ಎಂದು ಅವಳೇ ಅಪ್ಪಣೆ ಕೊಟ್ಟಳು. ಬಾನಿಯಿಂದಲೇ ನಾಲ್ಕು ಗಪ್ಪಿಗಳನ್ನು ಬೇಡಿ ತಂದೆವು. ಉಳಿದವು ಅವುಗಳ ಸಂತಾನ.

ಈಗ ವಾರಕ್ಕೊಮ್ಮೆ ಕಾಲುಭಾಗ ನೀರನ್ನಷ್ಟೇ ಬದಲಿಸುತ್ತೇವೆ. ಹೊರತೆಗೆದ ಆ ನೀರಿನಲ್ಲೇ ಸ್ಪಂಜನ್ನು ಮೆಲ್ಲಗೆ ಅದ್ದಿ ತೆಗೆಯುತ್ತೇವೆ. ಹಳೆಯ ಅಭ್ಯಾಸದಿಂದ ನನ್ನ ಕೈ ಒಮ್ಮೊಮ್ಮೆ ನಲ್ಲಿಯ ಕಡೆಗೆ ಹೋಗುವುದುಂಟು. ಆಗ ಒಳಗಿನಿಂದ ಒಂದು ದನಿ ಗದರುತ್ತದೆ: ‘ಅಲ್ಲಿ ತೊಳೀಬೇಡ ತಾತ, ಅವೆಲ್ಲ ಸತ್ತುಹೋಗ್ತವೆ!’ ಅವಳು ಹೇಳುವುದು ಮೀನುಗಳ ಮಾತನ್ನಲ್ಲ.